ಎಡಗೈ ಗಂಟು

ಮಾಟುಂಗದ ನಮ್ಮ ಬಿಲ್ಡಿಂಗಿನ ಮಕ್ಕಳು ಗಡಿಯಾರ ನೋಡದೆ, ಕಿಂಗ್ಸ್ ಸರ್ಕಲ್ಲಿಗೆ ಬಂದು ತಿರುಗುವ ಟ್ರಾಮಿನ ಗಂಟೆ ಕೇಳಿ ಶಾಲೆಗೆ ಹೊರಡುತ್ತಿದ್ದ ದಿನಗಳವು. ನಮ್ಮೂರು ಧಾರವಾಡ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಹಾಗಾಗಿ ನಾವು ಊರು ಬಿಟ್ಟು ಬಂದವರು ಎಂಬುದನ್ನು ಅವ್ವ ಒಪ್ಪುತ್ತಿರಲಿಲ್ಲ. "ಹಿತ್ತಲ ಮನಿ ಬಿಟ್ಟು ಮುಂದಿನ ಮನಿಗೆ ಬಂದೀವಿ, ಅಷ್ಟ" ಎನ್ನುತ್ತಿದ್ದಳು.

ಬಾಲ್ಯ ನೆನೆಯುವವರೆಲ್ಲ ಮಾವಿನ ಹಣ್ಣು, ಮೊದಲ ಮಳೆ, ಅಜ್ಜಿಯ ಕೈರುಚಿ ಎಂದು ಬರೆಯುತ್ತಾರೆ. ನನಗೂ ಅವೆಲ್ಲ ಇದ್ದವು. ಮಂಚದ ಕೆಳಗೆ ಹುಲ್ಲಿನಲ್ಲಿ ಹುದುಗಿಸಿಟ್ಟ ಆಪೂಸ್ ಹಣ್ಣಿನ ವಾಸನೆ ಮೇ ತಿಂಗಳಿಡೀ ಮನೆ ತುಂಬಿರುತ್ತಿತ್ತು. ಆದರೆ ನನ್ನ ಹತ್ತನೆಯ ವಯಸ್ಸಿನ ಆ ಬೇಸಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಹೊಟ್ಟೆಕಿಚ್ಚು. ಅದರಷ್ಟು ನಿಷ್ಠೆಯಿಂದ ಮತ್ತೇನನ್ನೂ ನಾನು ಸಾಕಿದವಳಲ್ಲ. ಓದುವ ನಿಮ್ಮಲ್ಲಿ ಅಪ್ಪನ ತೊಡೆಗಾಗಿ, ಮೇಷ್ಟರ ಮೆಚ್ಚುಗೆಗಾಗಿ ಒಳಗೊಳಗೇ ಕುದ್ದವರು ಇದ್ದೇ ಇರುತ್ತೀರಿ. ನಿಮಗೆ ಇದು ಅರ್ಥವಾಗುತ್ತದೆ.

ನನ್ನ ಅಪ್ಪ ಸರ್ಜನ್. ಲೋಕಲ್ ಹತ್ತಿ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೋದರೆ ಸಂಜೆ ಐದಕ್ಕೆ ಮೈತುಂಬ ಡೆಟಾಲ್ ವಾಸನೆ ಹೊತ್ತು ಬರುವರು. ಬಂದವರು ಚಹಾ ಕುಡಿದು, ಬಾಲ್ಕನಿಯ ಬೆತ್ತದ ಕುರ್ಚಿಯ ಕೈಗೆ ಕಪ್ಪು ರೇಷ್ಮೆ ದಾರ ಸುತ್ತಿ ಗಂಟು ಹಾಕುತ್ತ ಕೂರುವರು. ಕೈ ಮರೆಯಬಾರದೆಂದು ಸರ್ಜನ್ನರು ಮಾಡುವ ಸಾಧಕವಂತೆ ಅದು. ಆ ಕುರ್ಚಿಯ ಇನ್ನೊಂದು ಕೈ ನನ್ನದು. ನಾನು ಎಡಚಿ. ಎಡಗೈಯಿಂದ ಊಟ ಮಾಡಿದರೆ ಅವ್ವ ಸೌಟು ತಿರುಗಿಸಿ ಮೊಣಕೈಗೆ ಕೊಡುತ್ತಿದ್ದಳು. ಅಪ್ಪ ಮಾತ್ರ ನನ್ನ ಎಡಗೈ ಹಿಡಿದು, ತಮ್ಮ ಬೆರಳು ಹೋಗುವ ದಾರಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಹೇಳಿಕೊಟ್ಟರು.

"ಎಡಗೈ ಸರ್ಜನ್ ಭಾಳ ಕಡಿಮಿ ಅದಾರ, ಕುಮ್ಮಿ. ಅವರು ಹೊಲದ್ದು ನೋಡಿದ ಕೂಡಲೆ ಗುರ್ತ ಹತ್ತತದ. ಗಂಟು ಆ ಕಡೆ ಮಲಗತದ."

ಇಡೀ ಬಿಲ್ಡಿಂಗಿನಲ್ಲಿ ಗಜ್ಜುಗದ ಆಟದಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಅದಕ್ಕೆ ಕಾರಣ ಆ ದಾರ. ಅಪ್ಪನಿಗೆ ನಾನು ಬೇಕು ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ಆ ವರ್ಷ ಯುಗಾದಿಗೆ ನಾಲ್ಕು ದಿನ ಇದ್ದಾಗ ಅಪ್ಪ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದರು. ಬಚ್ಚಲಿನಲ್ಲಿ ಬಹಳ ಹೊತ್ತು ಕೈ ತೊಳೆದರು. ಅವ್ವ ತಟ್ಟೆ ಹಾಕಿದರೆ "ಬ್ಯಾಡ" ಎಂದರು. ದಾರವನ್ನೂ ಮುಟ್ಟಲಿಲ್ಲ. ಮರುದಿನ ದಾದರಿಗೆ ಹೋಗಿ ಒಂದು ರೀಮು ಬಿಳಿ ಹಾಳೆ, ಒಂದು ದವತಿ ನೀಲಿ ಮಸಿ ತಂದರು. ಯಾಕೆಂದು ಯಾರೂ ಕೇಳಲಿಲ್ಲ. ಸರ್ಜನ್ನಿನ ಮನೆಯವರು ಕೆಲವು ಪ್ರಶ್ನೆ ಕೇಳದಿರುವುದನ್ನು ಬೇಗ ಕಲಿಯುತ್ತಾರೆ.

ಹಾಗೆ ಅಪ್ಪ ಕತೆಗಾರರಾದರು.

ಅವರು ಬರೆಯುವ ರೀತಿ ನೋಡಿ ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಒಂದು ಪ್ರಸಂಗಕ್ಕೆ ಒಂದು ಹಾಳೆ. ಬೇಡವಾದ ಸಾಲನ್ನು ಹೊಡೆದು ಹಾಕುತ್ತಿರಲಿಲ್ಲ, ಕತ್ತರಿಯಿಂದ ಕತ್ತರಿಸಿ ತೆಗೆಯುತ್ತಿದ್ದರು. ಹೊಸದಾಗಿ ಬರೆದ ತುಂಡನ್ನು ಆ ಜಾಗದಲ್ಲಿಟ್ಟು, ಬಾಗಿದ ಸೂಜಿಯಿಂದ, ಅದೇ ಕಪ್ಪು ರೇಷ್ಮೆಯಿಂದ ಹೊಲಿಯಬೇಕು. ಅಂಟು ಹಚ್ಚಬಹುದಲ್ಲ ಎಂದರೆ "ಅಂಟಿಸಿದ್ದು ಒಂದಿಲ್ಲೊಂದಿನ ಬಿಡತದ" ಎನ್ನುವರು. ತೇಪೆ ಹೊಲಿಯುವ ಕೆಲಸ ನನ್ನದಾಯಿತು. ಅಪ್ಪ ಕತ್ತರಿಸುವರು, ನಾನು ಹೊಲಿಯುವೆ. ಪುಟಸಂಖ್ಯೆ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಕತೆ ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿ ಬೆನ್ನಿಗೆ ಉದ್ದಕ್ಕೂ ಹೊಲಿಗೆ ಹಾಕುತ್ತಿದ್ದರು. ಅದನ್ನು ಮಾತ್ರ ನನಗೆ ಕೊಡುತ್ತಿರಲಿಲ್ಲ.

"ಕಡೀ ಹೊಲಿಗಿ ಆಪರೇಷನ್ ಮಾಡಿದಾವನೇ ಹಾಕಬೇಕು. ಹಾಕಿದ ಮ್ಯಾಲೆ ತಿರುಗಿ ಬಿಚ್ಚಬಾರದು."

ಮೊದಲ ಕತೆ ಪತ್ರಿಕೆಯಿಂದ ವಾಪಸು ಬಂತು. ಕತೆ ಚೆನ್ನಾಗಿಲ್ಲ ಎಂದಲ್ಲ, ಅಕ್ಷರ ಓದಲಾಗುತ್ತಿಲ್ಲ ಎಂದು. ಅಪ್ಪನ ಕೈಬರಹ ಔಷಧಿ ಅಂಗಡಿಯವರ ಹೊರತು ಯಾರಿಗೂ ತಿಳಿಯುವಂಥದಲ್ಲ. ಶುದ್ಧ ಪ್ರತಿ ಮಾಡುವವರು ಬೇಕಾಯಿತು. ಅವ್ವನಿಗೆ ಅಡುಗೆಮನೆ ಬಿಟ್ಟು ಏಳಲು ಪುರುಸೊತ್ತಿಲ್ಲ. ನಾನು ಇಂಗ್ಲಿಷ್ ಶಾಲೆಯವಳು. ಕನ್ನಡ ಮಾತಾಡುತ್ತಿದ್ದೆ, ಜಗಳವಾಡುತ್ತಿದ್ದೆ, ಓದಲು ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

ಆಗ ಬಂದವಳು ಗಿರಿಜಾ.

ವಿಜಾಪುರದ ಕಡೆಯವಳು. ಅವಳ ತಂದೆ ರೈಲ್ವೆಯಲ್ಲಿ ಗುಮಾಸ್ತ, ಆ ಚಳಿಗಾಲದಲ್ಲಷ್ಟೇ ನೆಲಮಹಡಿಯ ಖೋಲಿಗೆ ಬಂದಿದ್ದರು. ನನಗಿಂತ ಮೂರು ವರ್ಷ ದೊಡ್ಡವಳು. ಎರಡು ಜಡೆ, ಎಣ್ಣೆ ಸುರಿಯುವ ತಲೆ, ಗಜ್ಜುಗ ಹಿಡಿಯಲು ಬಾರದ ಕೈ. ಆದರೆ ಆ ಕೈಯಲ್ಲಿ ಲೇಖನಿ ಕೊಟ್ಟರೆ ಮುತ್ತು ಪೋಣಿಸಿದ ಹಾಗೆ ಅಕ್ಷರ. ಅಪ್ಪನ ಕೋಳಿಕಾಲು ಬರಹ ಅವಳಿಗೆ ಹೇಗೆ ತಿಳಿಯುತ್ತಿತ್ತೋ! ದಿನಾ ಮಧ್ಯಾಹ್ನ ಬಂದು, ನೆಲದ ಮೇಲೆ ಪದ್ಮಾಸನ ಹಾಕಿ, ಅಪ್ಪನ ಹಾಳೆಯ ಮೇಲೆ ರೂಲುಪಟ್ಟಿ ಇಟ್ಟು, ಒಂದು ಸಾಲು ಕಾಣುವಷ್ಟೇ ಸರಿಸುತ್ತ ಬರೆಯುವಳು.

"ಮುಂದ ಏನಾಕ್ಕೈತಿ ಅಂತ ನೋಡೂದಿಲ್ಲೇನ?" ಎಂದು ನಾನೊಮ್ಮೆ ಕೆಣಕಿದೆ, ಅವಳ ಮಾತನ್ನೇ ಅಣಕಿಸುತ್ತ.

"ಇಲ್ಲವಾ. ಮೊದಲ ಓದಿದ್ನೆಂದ್ರ ಕೈ ಓಡಾಕ ಹತ್ತತೈತಿ, ಅಕ್ಷರ ಕೆಡತಾವ. ಬರ್ಕೋಂತನ ಓದತೀನಿ."

"ಹಂಗಾರ ನನಗೂ ಹೇಳು, ಏನ್ ಬರದಾರ ಅಪ್ಪಾ?"

"ಮುಗೀಲಿ, ಆಮ್ಯಾಲ ಹೇಳತೀನಿ." ತಲೆ ಎತ್ತದೆ ಹೇಳಿದಳು. ಅವಳು ಸೊಕ್ಕಿನಿಂದ ಹೇಳಿದ್ದಲ್ಲ ಎಂದು ಇವತ್ತು ಗೊತ್ತು. ಅವತ್ತು ನನ್ನ ಮೈ ಉರಿಯಿತು. ನನ್ನ ಅಪ್ಪನ ತಲೆಯೊಳಗೇನಿದೆ ಎಂದು ಈ ಎಣ್ಣೆತಲೆಯವಳನ್ನು ನಾನು ಕೇಳಿ ತಿಳಿಯಬೇಕೆ?

ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿಗೆ ಕರೆದೊಯ್ಯುವುದು ಎಷ್ಟೋ ವರ್ಷದ ಪದ್ಧತಿ. ಒಂದು ಮಸಾಲೆ ದೋಸೆ ತರಿಸಿ, ಗರಿಗರಿಯಾದ ಅಂಚನ್ನು ಮುರಿದು ನನ್ನ ಕಡೆ ಸರಿಸಿ, ನಡುವಿನ ಪಲ್ಯದ ಭಾಗ ತಾವು ತಿನ್ನುವರು. ಮೇ ಎರಡನೇ ಭಾನುವಾರ ಗಿರಿಜಾಳನ್ನೂ ಕರೆದರು. ಅಂಚನ್ನು ಎರಡು ತುಂಡು ಮಾಡಿದರು. ದೊಡ್ಡ ತುಂಡು ಯಾರಿಗೆ ಹೋಯಿತೆಂದು ನಾನು ಈಗಲೂ ಹೇಳಬಲ್ಲೆ. ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಮ್ಯಾನೇಜರು ನಕ್ಕು ಕೇಳಿದರು: "ಎಂತ ಡಾಕ್ಟ್ರೇ, ಇವತ್ತು ಮಕ್ಕಳು ಇಬ್ಬರುಂಟಲ್ಲ?"

ಅಪ್ಪ ಗಿರಿಜಾಳ ತಲೆಯ ಮೇಲೆ ಕೈಯಿಟ್ಟರು. "ಇಕಿನಾ? ಇಕಿ ನನ್ನ ಬಲಗೈರಿ. ಇಕಿ ಇಲ್ಲಂದ್ರ ನಾ ಬರದದ್ದು ಯಾರೂ ಓದೂದಿಲ್ಲ."

ಕೈಯಲ್ಲಿದ್ದ ದೋಸೆಯ ತುಂಡನ್ನು ನಾನು ತಟ್ಟೆಗೆ ಹಾಕಿದೆ. ಎಡಚಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಆಡುವ ಮಾತೇ ಅದು? ಮನೆಗೆ ಬಂದವಳು ಬಾಲ್ಕನಿಯಲ್ಲಿ ಕೂತು ಅತ್ತೆ. ಅವ್ವ ಹೊಟ್ಟೆನೋವೆಂದು ತಿಳಿದು ಓಂಕಾಳಿನ ಕಷಾಯ ಕುಡಿಸಿದಳು.

ಆ ವಾರ ಅಪ್ಪ ಬರೆದು ಮುಗಿಸಿದ್ದು ಒಂದು ಉದ್ದನೆಯ ಕತೆ. ಬೆನ್ನ ಹೊಲಿಗೆಯನ್ನು ತಾವೇ ಹಾಕಿ, ಗಿರಿಜಾಳಿಗಾಗಿ ಮೇಜಿನ ಮೇಲಿಟ್ಟು ಆಸ್ಪತ್ರೆಗೆ ಹೋದರು. ಅವಳು ಅರ್ಧದಷ್ಟು ಪ್ರತಿ ಮಾಡಿ, ನಲ್ಲಿಯಲ್ಲಿ ನೀರು ಬರುವ ಹೊತ್ತಾಯಿತೆಂದು ಕೊಡ ತುಂಬಲು ಕೆಳಗೆ ಓಡಿದಳು. ಅವ್ವ ಮಲಗಿದ್ದಳು. ನಾನು ಆ ಕತೆಯನ್ನು ಕೈಗೆತ್ತಿಕೊಂಡು ಮಗುಚುತ್ತ ಹೋದೆ. ಅಕ್ಷರ ತಿಳಿಯದಿದ್ದರೂ ನನ್ನ ತೇಪೆಗಳು ತಿಳಿಯುತ್ತಿದ್ದವು. ಈ ಹಾಳೆಯಲ್ಲಿ ಮೂರು, ಅದರಲ್ಲಿ ಐದು. ಪ್ರತಿ ಹಾಳೆಯಲ್ಲೂ ನಾನಿದ್ದೆ. ಆಮೇಲೆ, ಗಿರಿಜಾ ನಿಲ್ಲಿಸಿದ ಜಾಗದ ಮುಂದೆಯೇ, ಒಂದು ಹಾಳೆ ಬಂತು. ಎರಡೂ ಬದಿ ತುಂಬ ಬರೆದಿತ್ತು. ಒಂದು ಕತ್ತರಿ ಬಿದ್ದಿರಲಿಲ್ಲ, ಒಂದು ಹೊಲಿಗೆ ಇರಲಿಲ್ಲ. ಒಂದೇ ಉಸಿರಿಗೆ ಬರೆದ ಹಾಳೆ. ಅದನ್ನು ಬರೆಯುವಾಗ ಅಪ್ಪನಿಗೆ ನಾನು ಬೇಕಾಗಿರಲಿಲ್ಲ.

ಆ ಹಾಳೆಯ ಮೇಲೆ ನನಗೆ ಹುಟ್ಟಿದ ದ್ವೇಷವನ್ನು ಏನೆನ್ನಲಿ! ಕಾಗದದ ಮೇಲೆ ಮತ್ಸರಪಟ್ಟವರು ಇದ್ದಾರೆಯೇ? ನಾನು ಪಟ್ಟೆ. ಅದರ ಜೊತೆಗೆ ಒಂದು ಲೆಕ್ಕಾಚಾರವೂ ಹೊಳೆಯಿತು. ಹಾಳೆ ಕಳೆದರೆ ಬೈಗುಳ ಗಿರಿಜಾಳಿಗೆ. ಕಳೆದುಹಾಕುವವಳನ್ನು ಅಪ್ಪ ಇಟ್ಟುಕೊಳ್ಳುತ್ತಾರೆಯೇ?

ಬೆನ್ನಿನ ಹೊಲಿಗೆಯನ್ನು ಅಷ್ಟುದ್ದ ಬಿಚ್ಚಿ ಹಾಳೆ ಎಳೆದೆ. ಅಷ್ಟಕ್ಕೇ ಬಿಟ್ಟಿದ್ದರೆ ನನಗೆ ಬೇಕಾದ್ದು ಆಗುತ್ತಿತ್ತು. ಆದರೆ ಬಿಚ್ಚಿದ ಹೊಲಿಗೆ ಹಾಗೇ ಜೋಲುತ್ತಿರುವುದನ್ನು ನನ್ನ ಕಣ್ಣು ಸಹಿಸಲಿಲ್ಲ. ಸರ್ಜನ್ನಿನ ಮಗಳಲ್ಲವೇ! ಸೂಜಿ ತಂದು, ರೇಷ್ಮೆ ಪೋಣಿಸಿ, ಒಂದು ಕೂದಲೂ ತೂರದಂತೆ ಬಿಗಿಯಾಗಿ ಹೊಲಿದು, ಮೂರು ಗಂಟು ಹಾಕಿ, ಬಾಲ ಕತ್ತರಿಸಿದೆ. ಹಾಳೆಯನ್ನು ನನ್ನ ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಕೆಳಗೆ ಸೇರಿಸಿದೆ. ಇಂಥ ಚಂದದ ಕಳ್ಳತನವನ್ನು ಯಾರೂ ಹಿಡಿಯಲಾರರು, ಗಿರಿಜಾಳಿಗೆ ಬೈಗುಳವೂ ಬೀಳದು ಎಂಬುದು ಆಮೇಲಷ್ಟೇ ತಲೆಗೆ ಬಂತು.

ಗಿರಿಜಾ ನೀರು ತುಂಬಿಟ್ಟು ಬಂದು, ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು, ರೂಲುಪಟ್ಟಿ ಇಟ್ಟು ಮುಂದಿನ ಸಾಲಿನಿಂದ ಬರೆಯತೊಡಗಿದಳು. ಅವಳಿಗೆ ಏನೂ ತಿಳಿಯಲಿಲ್ಲ. ಒಂದು ಪ್ರಸಂಗಕ್ಕೆ ಒಂದು ಹಾಳೆಯಾದ್ದರಿಂದ ಮಾತು ಎಲ್ಲೂ ಅರ್ಧಕ್ಕೆ ತುಂಡಾಗಿರಲಿಲ್ಲ. ಸಂಜೆ ಅಪ್ಪ ಶುದ್ಧ ಪ್ರತಿಯನ್ನು ತೂಕ ನೋಡಿದವರಂತೆ ಕೈಯಲ್ಲಿ ಹಿಡಿದು, ಓದದೆ, ಲಕೋಟೆಗೆ ಹಾಕಿ ಅಂಟಿಸಿದರು. ಮುಚ್ಚಿದ್ದನ್ನು ಬಿಚ್ಚಬಾರದಲ್ಲ.

ಮಳೆಗಾಲ ಬಂತು, ಹೋಯಿತು. ಟ್ರಂಕಿನ ತಳ ಮುಟ್ಟದೆ ನಾನು ಶಾಲೆಗೆ ಹೋಗಿ ಬಂದೆ. ದೀಪಾವಳಿ ಸಂಚಿಕೆಯಲ್ಲಿ ಕತೆ ಅಚ್ಚಾಯಿತು. ಅವ್ವ ಶಂಕರಪೋಳಿಯ ಹಿಟ್ಟು ನಾದುತ್ತ ಕೂತಿದ್ದಳು, ಗಿರಿಜಾ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದಳು. ಆಗಲೇ ನನಗೆ ಕತೆ ಗೊತ್ತಾದದ್ದು. ಗಿರಣಿ ಕೆಲಸಗಾರನೊಬ್ಬನ ಹೆಂಡತಿ, ತುಳಸಾ ಎಂದು ಹೆಸರು, ಆಪರೇಷನ್ನಿಗೆ ಬಂದಿದ್ದಾಳೆ. ಯುಗಾದಿಗೆ ಮನೆಗೆ ಹೋಗುತ್ತೀಯ ಎಂದು ಡಾಕ್ಟರ್ ಅವಳಿಗೆ ಮಾತು ಕೊಡುತ್ತಾನೆ. ಥಿಯೇಟರಿನ ಬಾಗಿಲು ಮುಚ್ಚುತ್ತದೆ. ಆಮೇಲೆ, ಮರುದಿನ ಬೆಳಿಗ್ಗೆ, ಡಾಕ್ಟರ್ ದಾದರಿನ ಹೂವಿನ ಸಂತೆಯಲ್ಲಿ ನಿಂತು ಚೆಂಡುಹೂವಿನ ರಾಶಿ ನೋಡುತ್ತಾನೆ. ಕೊಳ್ಳದೆ ಮನೆಗೆ ಬರುತ್ತಾನೆ. ಅಲ್ಲಿಗೆ ಮುಗಿಯಿತು.

"ಅಯ್ಯ, ಆಕಿ ಬದುಕಿದಳೋ ಇಲ್ಲೋ?" ಎಂದಳು ಅವ್ವ, ಹಿಟ್ಟಿನ ಕೈ ಎತ್ತಿ ಹಿಡಿದು.

"ಡಾಕ್ಟರು ಹೇಳಿಲ್ರಿ ಕಾಕು. ನಾವ ತಿಳ್ಕೋಬೇಕು" ಎಂದಳು ಗಿರಿಜಾ, ಕಣ್ಣು ಅಗಲಿಸಿ.

ಪತ್ರಗಳು ಬಂದವು. ಆಪರೇಷನ್ನನ್ನೇ ಹೇಳದೆ ಆಪರೇಷನ್ನಿನ ಕತೆ ಬರೆದಿದ್ದೀರಲ್ಲ, ಇಂಥ ಸಂಯಮ ನಮ್ಮವರಲ್ಲಿ ಕಂಡಿಲ್ಲ ಎಂದು ಸಂಪಾದಕರೇ ಕಾರ್ಡು ಹಾಕಿದರು. ಕನ್ನಡ ಸಂಘದಲ್ಲಿ ಹಾರ ಹಾಕಿ ಕೂರಿಸಿ, ತುಳಸಾ ಬದುಕಿದಳು ಎನ್ನುವವರು ಒಂದು ಕಡೆ, ಇಲ್ಲ ಎನ್ನುವವರು ಒಂದು ಕಡೆಯಾಗಿ ವಾದ ಮಾಡಿದರು. ಅಪ್ಪ ನಡುವೆ ಕೂತು ಬಟ್ಟಲಿನ ಕಾಫಿ ಆರಿಸುತ್ತಿದ್ದರು. ಅವರು ಮುಗುಳ್ನಕ್ಕರು ಎಂದು ಎಲ್ಲರೂ ಹೇಳಿದರು. ನಾನು ಹತ್ತಿರದಿಂದ ನೋಡಿದ್ದೆ. ಅದು ನಗು ಆಗಿರಲಿಲ್ಲ.

ಮರುದಿನ ಸಂಜೆ ನನ್ನನ್ನು ಬಾಲ್ಕನಿಗೆ ಕರೆದರು. ತೊಡೆಯ ಮೇಲೆ ಹಳೆಯ ಕರಡು ಪ್ರತಿ ಇತ್ತು. ಹೆಬ್ಬೆರಳು ಬೆನ್ನಿನ ಹೊಲಿಗೆಯ ಮೇಲೆ ಓಡಾಡುತ್ತಿತ್ತು.

"ಇಲ್ಲಿತನಕ ನನ್ನ ಗಂಟು. ಈ ಮೂರು ಎಡಗೈ ಗಂಟು." ದನಿ ಏರಿಸಲಿಲ್ಲ. "ಹಾಳಿ ಎಲ್ಲದ, ಕುಮ್ಮಿ?"

ಟ್ರಂಕು ಎಂಟು ಹೆಜ್ಜೆ ದೂರದಲ್ಲಿತ್ತು. ತಂದುಕೊಟ್ಟರೆ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಗಿರಿಜಾ. ಹಾಳೆ ಸಿಕ್ಕರೆ ಅಪ್ಪ ಅದನ್ನು ಅವಳಿಗೆ ಕೊಡುತ್ತಾರೆ, ಅವಳು ರೂಲುಪಟ್ಟಿ ಇಟ್ಟು ಒಂದೊಂದೇ ಸಾಲು ಸವಿಯುತ್ತಾಳೆ.

"ರದ್ದಿಯವಗ ಹೋತು" ಎಂದೆ.

ಅಪ್ಪನ ಹೆಬ್ಬೆರಳು ಆ ಮೂರು ಗಂಟಿನ ಮೇಲೆ ಬಂದು ನಿಂತಿತು. ಕೆಳಗೆ ಟ್ರಾಮೊಂದು ಗಂಟೆ ಬಾರಿಸುತ್ತ ಹೋಯಿತು.

"ಓದಿದ್ದೇನು?"

"ನನಗೆಲ್ಲಿ ಕನ್ನಡ ಓದಲಿಕ್ಕೆ ಬರತದ?"

"ಹೌದಲಾ. ಅದು ನನ್ನ ತಪ್ಪು."

"ತಿರುಗಿ ಬರೀರಿ ಅಪ್ಪಾ. ನಾ ತೇಪಿ ಹಚ್ಚಿಕೊಡತೀನಿ."

"ಅದನ್ನ ಎರಡು ಸಲ ಬರೀಲಿಕ್ಕೆ ಆಗೂದಿಲ್ಲ, ಕೂಸ" ಎಂದು ನನ್ನ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದರು. "ಗಂಟು ಮಾತ್ರ ಛಲೋ ಬಿದ್ದದ."

ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಗಿರಿಜಾಳಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ಆಪರೇಷನ್ ಮಾಡುವುದನ್ನೇ ಬಿಟ್ಟು, ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ, ಬರೆಯುತ್ತ ಉಳಿದರು. ಮೂರು ಪುಸ್ತಕ ಬಂದವು. ಮೂರರಲ್ಲೂ ಥಿಯೇಟರಿನ ಬಾಗಿಲು ಮುಚ್ಚುತ್ತದೆ, ಮತ್ತೆ ಬೆಳಗಾಗುತ್ತದೆ, ನಡುವೆ ಏನಾಯಿತೆಂದು ಎಲ್ಲೂ ಇಲ್ಲ. ವಿಮರ್ಶಕರು ಅದನ್ನು ಶೈಲಿ ಎಂದರು. ಮೊದಲ ಪುಸ್ತಕದ ಮುನ್ನುಡಿಯಲ್ಲಿ "ನನ್ನ ಬಲಗೈಯಾದ ಚಿ. ಗಿರಿಜಾಳಿಗೆ" ಎಂದು ನೆನೆದಿದ್ದಾರೆ. ಆ ಸಾಲನ್ನು ಬೇರೆಯವರಿಂದ ಓದಿಸಿ ಕೇಳಿದ ದಿನವೇ ಕನ್ನಡ ಕಲಿಯುವುದಿಲ್ಲ ಎಂದು ಹಟ ತೊಟ್ಟೆ. ಕಲಿತದ್ದು ಅಪ್ಪ ಹೋದ ಮೇಲೆ, ಮೂವತ್ತೊಂದನೆಯ ವಯಸ್ಸಿನಲ್ಲಿ, ನನ್ನ ಮಗನ ಅಕ್ಷರಮಾಲೆಯ ಪುಸ್ತಕ ಇಟ್ಟುಕೊಂಡು. ಅಚ್ಚಿನ ಅಕ್ಷರ ಪಳಗಿದ ಮೇಲೆ ಅಪ್ಪನ ಕೈಬರಹ ಹಿಡಿಯಲು ಇನ್ನೊಂದು ವರ್ಷ ಬೇಕಾಯಿತು. ಆಮೇಲೆ ಟ್ರಂಕು ತೆಗೆದೆ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಎರಡನೆಯ ಬಾಟಲಿ ರಕ್ತ ಬರುವವರೆಗೆ ಕಾಯೋಣ ಎಂದು ಜೊತೆಯವರು ಹೇಳಿದರು. ಡಾಕ್ಟರ್ ಕಾಯಲಿಲ್ಲ. ತನ್ನ ಕೈಯ ಮೇಲೆ ಅವನಿಗೆ ಅಷ್ಟು ನಂಬಿಕೆ. ತುಳಸಾ ಮೇಜಿನ ಮೇಲೆಯೇ ಹೋದಳು. ಡಾಕ್ಟರ್ ಹೊರಗೆ ಬಂದು ಅವಳ ಗಂಡನಿಗೆ "ನಮ್ಮ ಕೈಯಲ್ಲಿ ಏನೂ ಇರಲಿಲ್ಲ" ಎಂದ. ಆ ಮನುಷ್ಯ ಬಗ್ಗಿ ಅವನ ಕಾಲು ಮುಟ್ಟಿದ. ಕಡೆಯ ಸಾಲು ಒಂದೇ ಪದ: "ಇತ್ತು."

ಯುಗಾದಿಗೆ ನಾಲ್ಕು ದಿನ ಇದ್ದಾಗ ಅಪ್ಪ ಬಚ್ಚಲಿನಲ್ಲಿ ಅಷ್ಟು ಹೊತ್ತು ಏನು ತೊಳೆಯುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಆ ರೀಮು ಹಾಳೆ ತಂದದ್ದು ಅದೊಂದು ಹಾಳೆ ಬರೆಯುವುದಕ್ಕೆ. ತಾನು ಮಾಡಿದ್ದನ್ನು ನಾಲ್ಕು ಜನರ ಮುಂದೆ ಹೇಳಿ ಹಗುರಾಗಲು ಹೊರಟ ಮನುಷ್ಯನಿಗೆ ಊರೆಲ್ಲ ಸೇರಿ, ಹೇಳದೆ ಇದ್ದದ್ದಕ್ಕಾಗಿ ಹಾರ ಹಾಕಿತು. ಅವರ ಬಾಯಿಗೆ ಆ ಹೊಲಿಗೆ ಹಾಕಿದವಳು ನಾನು.

ಈಗ ಆ ಬಿಲ್ಡಿಂಗ್ ಇಲ್ಲ, ಟ್ರಾಮ್ ಇಲ್ಲ. ಬೆತ್ತದ ಕುರ್ಚಿ ಯಾರ ಮನೆ ಸೇರಿತೋ. ಉಡುಪಿ ಹೋಟೆಲ್ ಇದೆ, ದೋಸೆಯ ಅಂಚು ಮುರಿದು ಕೊಡುವವರಿಲ್ಲ. ನನ್ನ ಎಡಗೈ ಬೆರಳುಗಳಿಗೆ ಸಂಧಿವಾತ, ಸೂಜಿ ನಿಲ್ಲುವುದಿಲ್ಲ.

ಗಿರಿಜಾ ಡೊಂಬಿವಲಿಯಲ್ಲಿದ್ದಾಳೆ. ಎಂಬತ್ತು ದಾಟಿದರೂ ಕನ್ನಡಕವಿಟ್ಟು ಎಲ್ಲ ಪತ್ರಿಕೆ ಓದುತ್ತಾಳೆ. ಹೋದ ತಿಂಗಳು ಫೋನಿನಲ್ಲಿ ಅದೂ ಇದೂ ಮಾತಾಡುತ್ತ ಮತ್ತೆ ಕೇಳಿದಳು: "ಅಲ್ಲ ಕುಮ್ಮಿ, ಡಾಕ್ಟರು ನಿನಗರ ಹೇಳಿದ್ರೇನ? ಆ ತುಳಸಾ ಬದುಕಿದಳೇನ?"

"ಗೊತ್ತಿಲ್ಲವಾ" ಎಂದೆ. ಈ ವಯಸ್ಸಿನಲ್ಲೂ ಬಾಯಿ ಬಿಡಲಾಗಲಿಲ್ಲ. ಅಪ್ಪ ಬರೆದದ್ದರಲ್ಲಿ ಅವಳು ಓದದ ಹಾಳೆ ಅದೊಂದೇ, ನನ್ನದು ಎಂಬ ಹಾಳೆಯೂ ಅದೊಂದೇ. ಫೋನಿಟ್ಟ ಮೇಲೆ ಬೆತ್ತದ ಕುರ್ಚಿ, ಆ ಹೆಬ್ಬೆರಳು, "ಓದಿದ್ದೇನು?" ಎಂದ ದನಿ ನೆನಪಾಯಿತು. ಹೌದು ಎಂಬ ಒಂದು ಮಾತಿಗಾಗಿ ಅವರು ಅವತ್ತು ಎಷ್ಟು ಕಾದಿರಬೇಕು.

ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ, ನನ್ನದೇ ಸೊಟ್ಟ ಎಡಗೈ ಅಕ್ಷರದಲ್ಲಿ. ಅಚ್ಚಾದರೆ ನೀವು ಓದುವ ದಿನವೇ ಗಿರಿಜಾಳೂ ಓದುತ್ತಾಳೆ. ಓದಲಿ. ಓದಿ ಅಪ್ಪನಿಗಾಗಿ ಅಳುತ್ತಾಳೆ, ನನಗೆ ಗೊತ್ತು, ಮತ್ತು ನನಗಿಂತ ಚೆನ್ನಾಗಿ ಅಳುತ್ತಾಳೆ.